ಸ್ಟೀರಾಯ್ಡ್ ತಗೊಳ್ಳುತ್ತಿರುವ ಮಗ, ಕ್ಲಾಸಿನಲ್ಲಿ ಚಿಕನ್‌ಪಾಕ್ಸ್. ಲಸಿಕೆ ಹಾಕಿಸಬಹುದಾ?

ವಿಜಯನಗರದ_ಅಮ್ಮ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಗಾಬರಿಯಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗನಿಗೆ ಐದೂವರೆ ವರ್ಷ, 16 ಕೆಜಿ, ಯುಕೆಜಿ ಓದುತ್ತಿದ್ದಾನೆ. ಜೂನ್‌ನಲ್ಲಿ ಒಂದು ದಿನ ಬೆಳಗ್ಗೆ ಎದ್ದಾಗ ಕಣ್ಣು ಊದಿಕೊಂಡಿತ್ತು. ಅಲರ್ಜಿ ಅಂತ ಹತ್ತು ದಿನ ಸಿರಪ್ ಕುಡಿಸಿದೆವು. ಕಾಲು, ಹೊಟ್ಟೆ ಎಲ್ಲ ಊದಿದ ಮೇಲೆ ಯೂರಿನ್ ಟೆಸ್ಟ್ ಮಾಡಿಸಿದರೆ ಪ್ರೋಟೀನ್ 4 ಪ್ಲಸ್. ನೆಫ್ರಾಟಿಕ್ ಸಿಂಡ್ರೋಮ್, ಕಿಡ್ನಿಯಿಂದ ಪ್ರೋಟೀನ್ ಸೋರುವ ಕಾಯಿಲೆ ಅಂದರು. ಆರು ವಾರ ದಿನಾ ಸ್ಟೀರಾಯ್ಡ್, ಇನ್ನಾರು ವಾರ ದಿನ ಬಿಟ್ಟು ದಿನ. ಸೆಪ್ಟೆಂಬರ್‌ಗೆ ಮುಗಿಯಿತು, ಉಸ್ಸಪ್ಪಾ ಅಂದುಕೊಂಡೆವು. ಈಗ ಡಿಸೆಂಬರ್ ಚಳಿಗೆ ನೆಗಡಿ, ಅದರ ಹಿಂದೆಯೇ ರಿಲ್ಯಾಪ್ಸ್, ಕಾಯಿಲೆ ಮರುಕಳಿಸಿತು. ಮತ್ತೆ ದಿನಾ 30 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಸ್ಟೀರಾಯ್ಡ್. ಇವತ್ತಿಗೆ ಒಂಬತ್ತನೇ ದಿನ.

ಊತ ಇಳಿದಿತ್ತು ಅಂತ ಗುರುವಾರ, ಶುಕ್ರವಾರ ಶಾಲೆಗೆ ಕಳಿಸಿದೆ. ಇವತ್ತು ಸಂಜೆ ಗೊತ್ತಾಯಿತು, ಅವನ ಪಕ್ಕದಲ್ಲಿ ಕೂರುವ ಹುಡುಗನಿಗೆ ಶನಿವಾರ ಚಿಕನ್‌ಪಾಕ್ಸ್ ಎದ್ದಿದೆ. ಶಾಲೆಯವರು ಹೇಳಲಿಲ್ಲ, ಆ ಮಗುವಿನ ಅಮ್ಮನೇ ವಾಟ್ಸಾಪ್‌ನಲ್ಲಿ ಹಾಕಿದರು. ನನ್ನ ಮಗನಿಗೆ ಈ ಲಸಿಕೆ ಆಗಿಲ್ಲ. 2020ರ ಏಪ್ರಿಲ್‌ನಲ್ಲಿ ಹುಟ್ಟಿದವನು, ಲಾಕ್‌ಡೌನ್ ಮಗು. ತಾಯಿ ಕಾರ್ಡ್‌ನಲ್ಲಿ ಅರ್ಧ ಖಾಲಿಯೇ ಇದೆ.

ನಾಳೆ ಬೆಳಗ್ಗೆಯೇ ಚಿಕನ್‌ಪಾಕ್ಸ್ ಲಸಿಕೆ ಹಾಕಿಸಿಬಿಡಲಾ? ನಮ್ಮ ಬೀದಿಯ ಡಾಕ್ಟರ್ ಜೂನ್‌ನಲ್ಲೇ ಹೇಳಿದ್ದರು, ಕಿಡ್ನಿ ಸರಿಹೋಗುವ ತನಕ ಯಾವ ವ್ಯಾಕ್ಸಿನ್ನೂ ಬೇಡ ಅಂತ. ಇನ್ನೊಂದು, ಮನೆಯಲ್ಲಿ 8 ತಿಂಗಳ ಮಗಳಿದ್ದಾಳೆ. ಬರುವ ಭಾನುವಾರ ಪಲ್ಸ್ ಪೋಲಿಯೋ. ಅವಳಿಗೆ ಹನಿ ಹಾಕಿಸಿದರೆ ಇವನಿಗೆ ತೊಂದರೆ ಅಂತ ಎಲ್ಲೋ ಓದಿದೆ. ನಿಜವಾ?

ಜೇಪಿನಗರ_ಅಪ್ಪ · 9:20

ಮೇಡಂ, ಇಲ್ಲಿ ಉತ್ತರಕ್ಕೆ ಕಾಯಬೇಡಿ. ಈಗಲೇ ನಿಮ್ಮ ಮಕ್ಕಳ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ. ಲಸಿಕೆ ಅಲ್ಲ, ಅದಕ್ಕೆ ಬೇರೆ ಇಂಜೆಕ್ಷನ್ ಇದೆ. ಗಂಟೆಗಳ ಲೆಕ್ಕ ಅದು. ಫೋನ್ ಮಾಡಿ ಬನ್ನಿ, ವಿವರವಾಗಿ ಬರೆಯುತ್ತೇನೆ.

ಬೇವಿನಮರ · 9:24

ಅಮ್ಮ ಬಂದರೆ ಹೆದರಬೇಡಿ. ನಮ್ಮ ಕಾಲದಲ್ಲಿ ಮನೆಗೊಬ್ಬರಿಗೆ ಬರುತ್ತಿತ್ತು. ಬೇವಿನ ಸೊಪ್ಪು ಹಾಸಿ ಮಲಗಿಸಿದರೆ ವಾರದಲ್ಲಿ ಇಳಿಯುತ್ತದೆ.

ಜೇಪಿನಗರ_ಅಪ್ಪ · 9:41

ಬೇವಿನಮರ ಅವರೇ, ಆರೋಗ್ಯವಾಗಿರುವ ಮಗುವಿಗೆ ನೀವು ಹೇಳಿದ್ದು ಸರಿ. ಬೇವು ಹಾಸಿ, ಬೇಡ ಅನ್ನುವುದಿಲ್ಲ. ಆದರೆ ದಿನಾ 30 ಮಿಲಿಗ್ರಾಂ ಸ್ಟೀರಾಯ್ಡ್ ಹೋಗುತ್ತಿರುವ ಮಗುವಿನ ಕಥೆಯೇ ಬೇರೆ. ಅಂಥವರಲ್ಲಿ ಅದು ಶ್ವಾಸಕೋಶ, ಲಿವರ್, ಮೆದುಳಿಗೆ ಇಳಿಯಬಹುದು.

ಮೇಡಂ, ವಿಷಯ ಇಷ್ಟು. ಚಿಕನ್‌ಪಾಕ್ಸ್ ಲಸಿಕೆ ಜೀವಂತ ಲಸಿಕೆ. ವೈರಸ್ಸನ್ನು ಸೊರಗಿಸಿ ಹಾಕಿರುತ್ತಾರೆ, ಸಾಯಿಸಿರುವುದಿಲ್ಲ. ಹೆಚ್ಚು ಸ್ಟೀರಾಯ್ಡ್‌ನಲ್ಲಿ ಇರುವಾಗ ಅದನ್ನು ಕೊಡುವ ಹಾಗಿಲ್ಲ. ಕೆಜಿಗೆ 2 ಮಿಲಿಗ್ರಾಂ ಅಥವಾ ಒಟ್ಟು 20 ಮಿಲಿಗ್ರಾಂ ದಾಟಿ ಎರಡು ವಾರ ತಗೊಂಡರೆ ಹೆಚ್ಚು ಡೋಸ್ ಎಂದೇ ಲೆಕ್ಕ. ನಿಮ್ಮವನು ಅದರ ಹೊಸ್ತಿಲಲ್ಲೇ ಇದ್ದಾನೆ. ಈಗ ಬೇಕಾಗಿರುವುದು ವಾರಿಸೆಲ್ಲಾ (ಚಿಕನ್‌ಪಾಕ್ಸ್) ಇಮ್ಯುನೋಗ್ಲಾಬ್ಯುಲಿನ್. ಬೇರೆಯವರ ರಕ್ತದಿಂದ ತೆಗೆದ, ರೆಡಿಯಾಗಿರುವ ಆ್ಯಂಟಿಬಾಡಿ. ಸೋಂಕಿತರ ಹತ್ತಿರ ಇದ್ದು 96 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. 10 ದಿನದ ತನಕವೂ ಕೊಡುತ್ತಾರೆ, ಆದರೆ ಬೇಗ ಕೊಟ್ಟಷ್ಟೂ ಮೇಲು. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಅಂಟುತ್ತದೆ, ಹಾಗಾಗಿ ಗುರುವಾರದಿಂದಲೇ ಎಣಿಸಿ. ಅಂದರೆ ನಾಳೆಯೇ ಆಗಬೇಕು. ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಆಸ್ಪತ್ರೆಯಿಂದಲೇ ಕೇಳಿಸಿ. ಸಿಗದಿದ್ದರೆ ಅವರು ಬೇರೆ ದಾರಿ ಹೇಳುತ್ತಾರೆ.

ನನ್ನ ಮಗಳಿಗೆ 11 ವರ್ಷ. ಇದೇ ಕಾಯಿಲೆ, ಆರು ವರ್ಷದಿಂದ. ಈ ಲೆಕ್ಕಗಳೆಲ್ಲ ಬಾಯಿಪಾಠ ಆಗಿಹೋಗಿವೆ.

ಸುಮ್ನೆ_ಓದುಗ · 9:44

ಹಾಗಿದ್ದರೆ ಎರಡು ವಾರ ಸ್ಟೀರಾಯ್ಡ್ ನಿಲ್ಲಿಸಿದರೆ ಆಯಿತಲ್ಲ? ಹೇಗೂ ಅದು ವಿಷವೇ.

ನರ್ಸ್_ಮಂಡ್ಯಾದಿಂದ · 9:49

ದಯವಿಟ್ಟು ಯಾರೂ ಹೀಗೆ ಮಾಡಬೇಡಿ!! ವಾರಗಟ್ಟಲೆ ಸ್ಟೀರಾಯ್ಡ್ ತಗೊಂಡ ಮೈ, ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆತಿರುತ್ತದೆ. ದಿಢೀರ್ ನಿಲ್ಲಿಸಿ, ಮೇಲೆ ಒಂದು ಜ್ವರ ಬಂದರೆ ಬಿಪಿ ಬಿದ್ದುಹೋಗುತ್ತದೆ. ಡೋಸ್ ಹೆಚ್ಚು ಕಡಿಮೆ ಮಾಡುವುದು ಡಾಕ್ಟರ್ ಕೆಲಸ. ನಾನು ಮಕ್ಕಳ ವಾರ್ಡಿನಲ್ಲಿ 14 ವರ್ಷದಿಂದ ಇದ್ದೇನೆ, ಮಾತ್ರೆ ತಾವಾಗಿ ನಿಲ್ಲಿಸಿ ಐಸಿಯುಗೆ ಬಂದವರನ್ನು ನೋಡಿದ್ದೇನೆ.

ವಿಜಯನಗರದ_ಅಮ್ಮ · 10:05

ಫೋನ್ ಸಿಕ್ಕಿತು. ನಾಳೆ ಬೆಳಗ್ಗೆ 8ಕ್ಕೇ ಬನ್ನಿ ಅಂದರು. ಅಣ್ಣ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ. ಮಲಗಿದ್ದಾನೆ, ಮೈಮೇಲೆ ಏನೂ ಇಲ್ಲ. ಟಾರ್ಚ್ ಹಾಕಿ ನಾಲ್ಕು ಸಲ ನೋಡಿದೆ.

ಗಿರಿನಗರ_ಶ್ಯಾಮಲ · 10:11

ಈಗಲೇ ಕಾಣಿಸುವುದಿಲ್ಲ ರೀ. 10ರಿಂದ 21 ದಿನ ಬೇಕು. ಟಾರ್ಚ್ ಎತ್ತಿಟ್ಟು ನೀವೂ ಮಲಗಿ.

ಹಳೇಮೈಸೂರು_ರಂಗ · 10:20

ಕಿಡ್ನಿ ತೊಂದರೆ ಅಂದರೆ ಬಾಳೆದಿಂಡಿನ ರಸ, ಬಾರ್ಲಿ ನೀರು ಬಿಟ್ಟು ಇನ್ನೊಂದಿಲ್ಲ. ಜೊತೆಗೆ ಅಮೃತಬಳ್ಳಿ ಕಷಾಯ ಕೊಟ್ಟರೆ ಇಮ್ಯುನಿಟಿ ಜಾಸ್ತಿಯಾಗುತ್ತದೆ. ಲಸಿಕೆಯೇ ಬೇಡ.

ಜೇಪಿನಗರ_ಅಪ್ಪ · 10:33

ರಂಗಣ್ಣ, ಬಾಳೆದಿಂಡು ಕಲ್ಲಿಗೆ. ಇಲ್ಲಿ ಕಲ್ಲಿಲ್ಲ. ಕಿಡ್ನಿಯ ಜರಡಿ ಹಿಗ್ಗಿ ರಕ್ತದ ಪ್ರೋಟೀನ್ ಉಚ್ಚೆಯಲ್ಲಿ ಸೋರುತ್ತಿದೆ. ಊತ ಇರುವ ಮಗುವಿಗೆ ಲೋಟಗಟ್ಟಲೆ ಬಾರ್ಲಿ ನೀರು ಕುಡಿಸಿದರೆ ಇನ್ನಷ್ಟು ಊದುತ್ತದೆ ಅಷ್ಟೇ.

ಇಮ್ಯುನಿಟಿ ಜಾಸ್ತಿ ಮಾಡುವ ಮಾತು ನನಗೆ ಇನ್ನೂ ತಮಾಷೆ. ಈ ಕಾಯಿಲೆಯಲ್ಲಿ ಮೈಯ ಕಾವಲುಪಡೆಯೇ ದಾರಿ ತಪ್ಪಿ ಜರಡಿಯನ್ನು ಹಾಳು ಮಾಡುತ್ತಿದೆ ಎಂದೇ ಸ್ಟೀರಾಯ್ಡ್ ಕೊಟ್ಟು ಅದನ್ನು ತಣ್ಣಗೆ ಮಾಡುವುದು. ನೀವು ಕಷಾಯ ಕೊಟ್ಟು ಅದನ್ನೇ ಎಬ್ಬಿಸುತ್ತೀನಿ ಅಂತೀರಿ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟ ಪ್ರಕರಣಗಳನ್ನು ಕೊರೋನಾ ಕಾಲದಲ್ಲಿ ಮುಂಬೈ ಡಾಕ್ಟರುಗಳು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದು ಬೇರೆ ಜಗಳ. ನನ್ನ ಮಗಳ ಮೇಲೆ ಪರೀಕ್ಷೆ ಮಾಡಿ ನೋಡುವ ಧೈರ್ಯ ನನಗಿಲ್ಲ.

ಹಳೇಮೈಸೂರು_ರಂಗ · 10:36

ನಿಮ್ಮಿಷ್ಟ ಸ್ವಾಮಿ. ಒಳ್ಳೇದಕ್ಕೆ ಹೇಳಿದೆ.

ಅವಳಿ_ಮಕ್ಕಳ_ತಾಯಿ · ಸೋಮವಾರ ಬೆಳಗ್ಗೆ 7:02

ನಾನೊಂದು ಮಾತು ಹೇಳಲಾ? ನಮ್ಮ ಅಕ್ಕನ ಮಗನಿಗೂ ನೆಫ್ರಾಟಿಕ್. ಹೋದ ವರ್ಷ ಫ್ಲೂ ಲಸಿಕೆ ಹಾಕಿಸಿ ಎರಡೇ ವಾರಕ್ಕೆ ರಿಲ್ಯಾಪ್ಸ್ ಆಯಿತು. ಅವತ್ತಿನಿಂದ ಅಕ್ಕ ಲಸಿಕೆ ಅಂದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಅವಳದೂ ತಪ್ಪು ಅನ್ನಿಸುವುದಿಲ್ಲ.

ನರ್ಸ್_ಮಂಡ್ಯಾದಿಂದ · 7:30

ಅಕ್ಕನ ಭಯ ಅರ್ಥವಾಗುತ್ತದೆ. ಆದರೆ ಫ್ಲೂ ಲಸಿಕೆ ಯಾವಾಗ ಹಾಕಿಸುತ್ತೇವೆ? ಮಳೆಗಾಲದ ಹೊತ್ತಿಗೆ. ಮಕ್ಕಳಿಗೆ ನೆಗಡಿ ಕೆಮ್ಮು ಸುತ್ತಿಕೊಳ್ಳುವುದೂ ಆಗಲೇ. ರಿಲ್ಯಾಪ್ಸ್‌ಗೆ ದೊಡ್ಡ ಕಾರಣವೇ ನೆಗಡಿ. ವಿಜಯನಗರದವರಿಗೂ ಹಾಗೇ ಆಯಿತಲ್ಲ. ಲಸಿಕೆ ಹಾಕಿಸಿಕೊಂಡ ಮಕ್ಕಳಿಗೆ ರಿಲ್ಯಾಪ್ಸ್ ಜಾಸ್ತಿ ಆಗುವುದಿಲ್ಲ ಎಂದೇ ಹೆಚ್ಚಿನ ಅಧ್ಯಯನಗಳಲ್ಲಿ ಕಂಡಿದೆ. ಮಗುವಿಗಷ್ಟೇ ಅಲ್ಲ, ಮನೆಯವರೆಲ್ಲ ವರ್ಷಕ್ಕೊಂದು ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಮೂಗಿಗೆ ಸ್ಪ್ರೇ ಮಾಡುವ ಫ್ಲೂ ಲಸಿಕೆ ಮಾತ್ರ ಜೀವಂತ, ಅದು ಬೇಡ.

"ಯಾವ ವ್ಯಾಕ್ಸಿನ್ನೂ ಬೇಡ" ಅನ್ನುವ ಮಾತಿಗೆ ನನಗೆ ಕೋಪ ಬರುತ್ತದೆ. ಜೀವಂತ ಲಸಿಕೆ ಬೇಡ ಎಂಬುದು ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಲಸಿಕೆಯೇ ಬೇಡ ಎಂದಾಗಿಬಿಟ್ಟಿದೆ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಚಿಕನ್‌ಪಾಕ್ಸ್, ಬಾಯಿಗೆ ಹಾಕುವ ಪೋಲಿಯೋ ಹನಿ, ಬಿಸಿಜಿ, ರೋಟಾ ಇವು ಜೀವಂತ. ಡಿಪಿಟಿ, ಹೆಪಟೈಟಿಸ್ ಬಿ, ಟೈಫಾಯ್ಡ್ ಕಾಂಜುಗೇಟ್, ಇಂಜೆಕ್ಷನ್ ಪೋಲಿಯೋ, ನ್ಯುಮೋಕಾಕಲ್ ಇವುಗಳಲ್ಲಿ ಜೀವ ಇಲ್ಲ. ಎರಡನೇ ಗುಂಪಿನವನ್ನು ಸ್ಟೀರಾಯ್ಡ್ ನಡೆಯುವಾಗಲೂ ಕೊಡಬಹುದು. ಡೋಸ್ ಕಡಿಮೆ ಇದ್ದಾಗ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ.

ಕೆಂಗೇರಿ_ಮಹೇಶ · 8:15

ನ್ಯುಮೋಕಾಕಲ್ ವಿಷಯ ನಾನು ಹೇಳುತ್ತೇನೆ. ನಮಗೆ ಪಾಠ ಕಲಿಸಿದ್ದೇ ಅದು.

ಮಗನಿಗೆ ಆಗ ನಾಲ್ಕು ವರ್ಷ, ಎರಡನೇ ರಿಲ್ಯಾಪ್ಸ್, ಹೊಟ್ಟೆ ತುಂಬ ನೀರು. ಒಂದು ಸಂಜೆ ಹೊಟ್ಟೆನೋವು ಅಂತ ಶುರು ಮಾಡಿದ. ಗ್ಯಾಸ್ ಇರಬೇಕು ಅಂತ ನಮ್ಮಮ್ಮ ಓಮದ ನೀರು ಕುಡಿಸಿದರು. ರಾತ್ರಿ ಜ್ವರ. ಪ್ಯಾರಾಸಿಟಮಾಲ್ ಹಾಕಿ ಮಲಗಿಸಿದೆವು. ಬೆಳಗ್ಗೆ ಹೊಟ್ಟೆ ಮುಟ್ಟಿದರೆ ಕಿರುಚುತ್ತಿದ್ದ. ಆಸ್ಪತ್ರೆಗೆ ಹೋದರೆ ಪೆರಿಟೊನೈಟಿಸ್, ಹೊಟ್ಟೆಯ ಒಳಪದರಕ್ಕೆ ಸೋಂಕು ಅಂದರು. ಹೊಟ್ಟೆಯ ನೀರಿನಲ್ಲಿ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಬೆಳೆದಿತ್ತು. ಹತ್ತು ದಿನ ಡ್ರಿಪ್.

ಆಮೇಲೆ ಡಾಕ್ಟರ್ ಕೂರಿಸಿಕೊಂಡು ವಿವರಿಸಿದರು. ಉಚ್ಚೆಯಲ್ಲಿ ಸೋರುವುದು ಅಲ್ಬುಮಿನ್ ಅನ್ನುವ ಪ್ರೋಟೀನ್ ಒಂದೇ ಅಲ್ಲವಂತೆ. ರೋಗದ ಜೊತೆ ಹೊಡೆದಾಡುವ ಐಜಿಜಿ ಆ್ಯಂಟಿಬಾಡಿಯೂ ಜೊತೆಗೇ ಹೋಗುತ್ತದೆ. ಮೇಲೆ ಸ್ಟೀರಾಯ್ಡ್. ಹೊಟ್ಟೆಯಲ್ಲಿ ನಿಂತ ನೀರು ಬೇರೆ. ಬ್ಯಾಕ್ಟೀರಿಯಾಗೆ ಅದಕ್ಕಿಂತ ಒಳ್ಳೆ ಮನೆ ಎಲ್ಲಿ ಸಿಗಬೇಕು? ಊತ ಇರುವ ಮಗು ಹೊಟ್ಟೆನೋವು ಅಂದರೆ, ಜ್ವರ ಇರಲಿ ಬಿಡಲಿ, ಓಮದ ನೀರು ಅಲ್ಲ, ಆಟೋ ಹಿಡಿಯಿರಿ.

ಸರ್ಕಾರದಲ್ಲಿ ಪಿಸಿವಿ, ಅಂದರೆ ಈ ನ್ಯುಮೋಕಾಕಲ್ ಲಸಿಕೆ, ದೇಶದ ಎಲ್ಲ ಕಡೆ ಬಂದದ್ದು 2021ರಲ್ಲಿ. ನಮ್ಮವನು ಅದಕ್ಕಿಂತ ಮೊದಲು ಹುಟ್ಟಿದವನು, ವಿಜಯನಗರದವರ ಮಗನೂ ಅಷ್ಟೇ. ಕಾರ್ಡ್ ನೋಡಿ. ಇಲ್ಲದಿದ್ದರೆ ಪಿಸಿವಿ ಮೊದಲು, ಕನಿಷ್ಠ 8 ವಾರ ಬಿಟ್ಟು 23 ಬಗೆಯ ನ್ಯುಮೋಕಾಕಸ್ಸಿಂದ ರಕ್ಷಣೆ ಕೊಡುವ ಇನ್ನೊಂದು ಲಸಿಕೆ. ಐದು ವರ್ಷ ಬಿಟ್ಟು ಅದನ್ನೇ ಇನ್ನೊಮ್ಮೆ. ಪ್ರೈವೇಟಿನಲ್ಲಿ ಜೇಬಿಗೆ ಭಾರ, ಸುಳ್ಳು ಹೇಳುವುದಿಲ್ಲ. ಪುಣೆಯ ಸೀರಂ ಕಂಪನಿಯ ಪಿಸಿವಿ ಸ್ವಲ್ಪ ಅಗ್ಗ.

ಗಿರಿನಗರ_ಶ್ಯಾಮಲ · 8:22

ಓಮದ ನೀರು ನಮ್ಮ ಮನೆಯಲ್ಲೂ ಎಲ್ಲಕ್ಕೂ ಮದ್ದು. ಇದನ್ನು ಅತ್ತೆಗೆ ಓದಿ ಹೇಳಿದೆ. ಮುಖ ಚಿಕ್ಕದು ಮಾಡಿಕೊಂಡರು.

ಆಶಾ_ಕೆಲಸ_ನಮ್ಮದು · 1:40

ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ಪಲ್ಸ್ ಪೋಲಿಯೋ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ. ನಾನು ಆಶಾ ಕಾರ್ಯಕರ್ತೆ. ನಾವು ಮನೆ ಮನೆ ಸುತ್ತಿ, ಬೆರಳಿಗೆ ಗುರುತು ಹಾಕಿ, ಒಂದು ಮಗು ತಪ್ಪಿದರೂ ಮೇಲಿನವರಿಗೆ ಉತ್ತರ ಹೇಳಬೇಕು. ದೇಶದಲ್ಲಿ ಕೊನೆಯ ಕೇಸ್ 2011ರ ಜನವರಿಯಲ್ಲಿ ಹೌರಾದಲ್ಲಿ. 2014ರಲ್ಲಿ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿತು. ಅದು ಈ ಹನಿಯಿಂದಲೇ. ಹನಿ ಕೆಟ್ಟದ್ದು ಅಂತ ಯಾರೂ ಹಬ್ಬಿಸಬೇಡಿ.

ಜೇಪಿನಗರ_ಅಪ್ಪ · 1:58

ಅಕ್ಕ, ಹನಿ ಕೆಟ್ಟದ್ದು ಅಂತ ಇಲ್ಲಿ ಯಾರೂ ಹೇಳಿಲ್ಲ. ಹನಿ ಕುಡಿದ ಮಗುವಿನ ಮಲದಲ್ಲಿ ಆ ಸೊರಗಿದ ವೈರಸ್ ಕೆಲವು ವಾರ ಹೊರಬರುತ್ತದೆ. ಅದೇ ಮನೆಯಲ್ಲಿ ಕಾವಲು ಕುಗ್ಗಿದ ಇನ್ನೊಂದು ಮಗು ಇದ್ದರೆ ಮಾತ್ರ ಪ್ರಶ್ನೆ. ಅಂಥ ಮನೆಯ ಮಕ್ಕಳಿಗೆ ಹನಿಯ ಬದಲು ಇಂಜೆಕ್ಷನ್ ಪೋಲಿಯೋ ಕೊಡಿ ಅಂತ ಮಕ್ಕಳ ಕಿಡ್ನಿ ತಜ್ಞರು ಹೇಳುತ್ತಾರೆ. ಪಕ್ಕದ ಮನೆಯವರು ಖಂಡಿತ ಹಾಕಿಸಲಿ.

ಆಶಾ_ಕೆಲಸ_ನಮ್ಮದು · 2:10

ಇದು ನಮಗೆ ಟ್ರೈನಿಂಗಿನಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ ನೋಡಿ. ಹಾಗಿದ್ದರೆ ಡಾಕ್ಟರ್ ಚೀಟಿ ಒಂದು ಇಟ್ಟುಕೊಳ್ಳಿ ಮೇಡಂ. ಬೂತಿನವರು ಬಂದಾಗ ತೋರಿಸಿ, ಪಿಎಚ್‌ಸಿ ಡಾಕ್ಟರಿಗೆ ಹೇಳುತ್ತೇವೆ. ಬಾಗಿಲು ಹಾಕಿಕೊಂಡು ಒಳಗೆ ಕೂತರೆ ನಮಗೆ ನಿರಾಕರಣೆ ಅಂತ ಬರೆಯಬೇಕಾಗುತ್ತದೆ. ಮಗಳಿಗೆ 9 ತಿಂಗಳಿಗೆ ಎಂಆರ್ (ದಡಾರ, ರುಬೆಲ್ಲಾ ಲಸಿಕೆ), ಪಿಸಿವಿ ಬೂಸ್ಟರ್, ಮೂರನೇ ಇಂಜೆಕ್ಷನ್ ಪೋಲಿಯೋ ಇದೆ. ಅದನ್ನು ತಪ್ಪಿಸಬೇಡಿ.

ಸುಮ್ನೆ_ಓದುಗ · 2:15

ಎಂಆರ್ ಕೂಡ ಜೀವಂತವೇ ಅಲ್ವಾ? ಅದು ಅಣ್ಣನಿಗೆ ಅಂಟುವುದಿಲ್ಲವಾ? ಒಂದು ಜೀವಂತ ಬೇಡ, ಇನ್ನೊಂದು ಜೀವಂತ ಬೇಕು. ತಲೆ ಕೆಟ್ಟುಹೋಯಿತು.

ನರ್ಸ್_ಮಂಡ್ಯಾದಿಂದ · 2:31

ಒಳ್ಳೆ ಪ್ರಶ್ನೆ. ಎಂಆರ್ ಹಾಕಿಸಿಕೊಂಡ ಮಗುವಿನಿಂದ ಬೇರೆಯವರಿಗೆ ಹರಡುವುದಿಲ್ಲ. ತಂಗಿಗೆ ದಡಾರ ಬಂದು ಅಣ್ಣನಿಗೆ ಅಂಟುವುದೇ ನಿಜವಾದ ಅಪಾಯ, ಅದಕ್ಕೇ ತಂಗಿಗೆ ಹಾಕಿಸಲೇಬೇಕು. ಚಿಕನ್‌ಪಾಕ್ಸ್ ಲಸಿಕೆಯನ್ನೂ ತಂಗಿಗೆ 15 ತಿಂಗಳಾದಾಗ ಹಾಕಿಸಿ. ಹಾಕಿಸಿದ ಮೇಲೆ ಅವಳ ಮೈಮೇಲೆ ಗುಳ್ಳೆ ಎದ್ದರೆ ಮಾತ್ರ ಅಣ್ಣನಿಂದ ದೂರ ಮಲಗಿಸಿ. ಚಿಕನ್‌ಪಾಕ್ಸ್ ಸರ್ಕಾರದ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು.

ರಾಜಾಜಿನಗರ_ಸುಧಾ · 4:05

ನಮ್ಮ ಮಗಳು ದಿನ ಬಿಟ್ಟು ದಿನ 20 ಮಿಲಿಗ್ರಾಂನಲ್ಲಿ ಇದ್ದಾಗಲೇ ಚಿಕನ್‌ಪಾಕ್ಸ್ ಲಸಿಕೆ ಕೊಟ್ಟರು. ನೀವೆಲ್ಲ ಸ್ಟೀರಾಯ್ಡ್ ಇದ್ದರೆ ಬೇಡವೇ ಬೇಡ ಅನ್ನುತ್ತಿದ್ದೀರಿ?

ಕೆಂಗೇರಿ_ಮಹೇಶ · 4:20

ನಮಗೆ ಪೂರ್ತಿ ನಿಲ್ಲಿಸಿ ನಾಲ್ಕು ವಾರ ಆದ ಮೇಲೆ ಬನ್ನಿ ಅಂದಿದ್ದರು. ಯಾವುದು ಸರಿ?

ನರ್ಸ್_ಮಂಡ್ಯಾದಿಂದ · 4:48

ಎರಡೂ ನಡೆಯುತ್ತದೆ. ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯಲ್ಲಿ ದಿನಾ ಆದರೆ ಕೆಜಿಗೆ 1 ಮಿಲಿಗ್ರಾಂಗಿಂತ ಕಡಿಮೆ, ದಿನ ಬಿಟ್ಟು ದಿನ ಆದರೆ ಕೆಜಿಗೆ 2 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕೊಡಬಹುದು ಎಂದಿದೆ. ಹೆಚ್ಚು ಡೋಸ್ ಎರಡು ವಾರ ದಾಟಿದ್ದರೆ ನಿಲ್ಲಿಸಿ ಒಂದು ತಿಂಗಳು ಕಾಯಿರಿ ಎನ್ನುವುದು ಇನ್ನೊಂದು ಪದ್ಧತಿ. ಪದೇ ಪದೇ ರಿಲ್ಯಾಪ್ಸ್ ಆಗುವ ಮಗು ಸ್ಟೀರಾಯ್ಡ್ ಇಲ್ಲದೆ ಒಂದು ತಿಂಗಳು ಇರುವುದೇ ಅಪರೂಪ. ಅಂಥವರಿಗೆ ಕಾಯುತ್ತಾ ಕೂತರೆ ಲಸಿಕೆ ಯಾವತ್ತೂ ಆಗುವುದಿಲ್ಲ. ಅದನ್ನು ನೋಡಿಯೇ ಡಾಕ್ಟರ್ ನಿರ್ಧಾರ ಮಾಡುತ್ತಾರೆ.

ಜೇಪಿನಗರ_ಅಪ್ಪ · 5:30

ಹೌದು, ನಮಗೆ ಆದದ್ದೇ ಹಾಗೆ. ಕಾಯುತ್ತಾ ಕೂತು ಅವಕಾಶ ಕಳೆದುಕೊಂಡೆವು. ಸ್ಟೀರಾಯ್ಡ್ ಇಳಿಸಿದ ತಕ್ಷಣ ರಿಲ್ಯಾಪ್ಸ್. ಮೊದಲು ಲೆವಮಿಸೋಲ್ ಕೊಟ್ಟರು. ಮೊದಲು ಜಂತುಹುಳಕ್ಕೆ ಅಂತ ಬಂದಿದ್ದ ಮಾತ್ರೆ ಅದು, ಈಗ ಈ ಮಕ್ಕಳಿಗೆ ಕೆಲಸಕ್ಕೆ ಬರುತ್ತಿದೆ. ಆಮೇಲೆ ಕಾವಲುಪಡೆಯನ್ನು ತಣ್ಣಗೆ ಮಾಡುವ ಮೈಕೋಫೆನೊಲೇಟ್. ಅದೂ ಸಾಲದೆ ರಿಟುಕ್ಸಿಮ್ಯಾಬ್. ಇವು ನಡೆಯುವಾಗಲೂ ಜೀವಂತ ಲಸಿಕೆ ಕೊಡುವುದಿಲ್ಲ. ನಿಲ್ಲಿಸಿದ ಮೇಲೂ ಒಂದೊಂದಕ್ಕೆ ಒಂದೊಂದು ಗಡುವು.

ರಿಟುಕ್ಸಿಮ್ಯಾಬ್‌ನದ್ದು ಇನ್ನೂ ವಿಚಿತ್ರ. ಆ್ಯಂಟಿಬಾಡಿ ಮಾಡುವ ಬಿ ಕಣಗಳನ್ನೇ ಅದು ಒರೆಸಿಹಾಕುತ್ತದೆ. ಆಗ ಜೀವ ಇಲ್ಲದ ಲಸಿಕೆ ಕೊಟ್ಟರೂ ಅಪಾಯ ಇಲ್ಲ, ಆದರೆ ಪ್ರಯೋಜನವೂ ಇಲ್ಲ. ಪಾಠ ಮಾಡಲು ಮೇಷ್ಟ್ರು ಬಂದಿದ್ದಾರೆ, ಕ್ಲಾಸಿನಲ್ಲಿ ಮಕ್ಕಳೇ ಇಲ್ಲ ಅನ್ನುವ ಹಾಗೆ. ಅದಕ್ಕೇ ಕೊಡುವುದಕ್ಕೆ ಕೆಲವು ವಾರ ಮೊದಲೇ ಲಸಿಕೆ ಮುಗಿಸಬೇಕು. ಹೆಪಟೈಟಿಸ್ ಬಿ ಇದೆಯಾ ಅಂತ ಮೊದಲೇ ಟೆಸ್ಟ್ ಮಾಡುತ್ತಾರೆ, ಮೈಯೊಳಗೆ ಮಲಗಿದ್ದರೆ ಇದು ಎಬ್ಬಿಸಿಬಿಡುತ್ತದೆ. ಸೇಂಟ್ ಜಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಕಡೆ ಓಡಾಡುವಾಗ ಕಾರಿಡಾರಿನಲ್ಲಿ ಬೇರೆ ಅಪ್ಪ ಅಮ್ಮಂದಿರಿಂದ ಕಲಿತದ್ದೇ ಜಾಸ್ತಿ ನಾನು.

ಬೇವಿನಮರ · 6:10

ಇಷ್ಟು ಚಿಕ್ಕ ಮಕ್ಕಳಿಗೆ ಇಷ್ಟೊಂದು. ದೇವರು ನೋಡಿಕೊಳ್ಳಲಿ. ದೊಡ್ಡವರಾದ ಮೇಲೆ ಹೋಗುತ್ತದಾ ಇದು?

ನರ್ಸ್_ಮಂಡ್ಯಾದಿಂದ · 6:25

ಸ್ಟೀರಾಯ್ಡ್‌ಗೆ ಬಗ್ಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ಬೆಳೆಯುತ್ತಾ ಹೋಗುತ್ತದೆ ಅಜ್ಜಿ. ಬಗ್ಗದವರಿಗೆ ಕಷ್ಟ. ಅವರಲ್ಲಿ ಕೆಲವರು ಡಯಾಲಿಸಿಸ್, ಟ್ರಾನ್ಸ್‌ಪ್ಲಾಂಟ್‌ವರೆಗೆ ಹೋಗುತ್ತಾರೆ. ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ಜೀವಂತ ಲಸಿಕೆ ಕೊಡುವುದಿಲ್ಲ, ಅದಕ್ಕೇ ಮೊದಲೇ ಮುಗಿಸಲು ಒದ್ದಾಡುತ್ತಾರೆ.

ವಿಜಯನಗರದ_ಅಮ್ಮ · ಸೋಮವಾರ ರಾತ್ರಿ 9:50

ಬಂದೆ. ದಿನವೆಲ್ಲ ಅಲೆದಾಟ. ಇಂಜೆಕ್ಷನ್ ಎರಡು ಕಡೆ ಇಲ್ಲ ಅಂದರು, ಸಂಜೆ ಐದಕ್ಕೆ ಸಿಕ್ಕಿತು. ಟ್ರಾಫಿಕ್ಕಿನಲ್ಲಿ ಐಸ್ ಪ್ಯಾಕ್ ಹಿಡಿದುಕೊಂಡು ನಮ್ಮವರು ಸ್ಕೂಟರಿನಲ್ಲಿ ತಂದರು. ತೊಡೆಗೆ ಹಾಕಿದರು. ಅತ್ತ, ಆಮೇಲೆ ಎರಡು ಚಪಾತಿ ಜಾಸ್ತಿ ತಿಂದ. ಸ್ಟೀರಾಯ್ಡ್ ಹಸಿವು, ನಿಮಗೆಲ್ಲ ಗೊತ್ತಲ್ಲ, ರಾತ್ರಿ ಎರಡಕ್ಕೆ ಎದ್ದು ಅನ್ನ ಕೇಳುತ್ತಾನೆ.

ಇದು ಹಾಕಿದ ಮೇಲೆ ಕಾಯಿಲೆ ತಡವಾಗಿ ಏಳಬಹುದು, 21 ಅಲ್ಲ 28 ದಿನ ನೋಡಿ ಅಂದರು. ಒಂದು ಗುಳ್ಳೆ ಕಂಡರೂ ಬರಬೇಕು, ಆ ವೈರಸ್ಸಿನ ಔಷಧಿ ಅಸೈಕ್ಲೊವಿರ್ ಶುರು ಮಾಡುತ್ತಾರಂತೆ. ಇನ್ನೊಂದು ಕೇಳಿ. ಬೇರೆಯವರ ಆ್ಯಂಟಿಬಾಡಿ ಮೈಯಲ್ಲಿ ಇರುವುದರಿಂದ ಚಿಕನ್‌ಪಾಕ್ಸ್ ಲಸಿಕೆಗೆ ಈಗ ಐದು ತಿಂಗಳು ಕಾಯಬೇಕಂತೆ. ಅದು ಲಸಿಕೆಯನ್ನೂ ಹೊಡೆದುಹಾಕುತ್ತದಂತೆ. ಪಿಸಿವಿಗೆ ಆ ತೊಂದರೆ ಇಲ್ಲ, ದಿನ ಬಿಟ್ಟು ದಿನಕ್ಕೆ ಇಳಿದ ಮೇಲೆ ಹಾಕೋಣ ಅಂದರು. ಮಗಳ ಪೋಲಿಯೋಗೆ ಚೀಟಿ ಬರೆದುಕೊಟ್ಟರು. ಮನೆಯಲ್ಲೇ ಯೂರಿನ್ ನೋಡಲು ಸ್ಟ್ರಿಪ್ ದುಬಾರಿ ಅನ್ನಿಸುತ್ತಿದೆ, ಬೇರೆ ದಾರಿ ಇದೆಯಾ?

ಕೆಂಗೇರಿ_ಮಹೇಶ · 10:02

ಸಲ್ಫೋಸ್ಯಾಲಿಸಿಲಿಕ್ ಆಸಿಡ್. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಬಾಟಲಿ ಸಿಗುತ್ತದೆ. ಬೆಳಗಿನ ಮೊದಲ ಯೂರಿನ್ ಟೆಸ್ಟ್ ಟ್ಯೂಬಿಗೆ, ಕೆಲವು ಹನಿ ಹಾಕಿ. ಟ್ಯೂಬಿನ ಹಿಂದೆ ಪೇಪರ್ ಹಿಡಿದು ಅಕ್ಷರ ಕಾಣುತ್ತಾ ನೋಡಿ. ಮೊಸರು ಒಡೆದ ಹಾಗೆ ಆದರೆ ಸೋರುತ್ತಿದೆ. ಮೂರು ದಿನ ಸತತ 3 ಪ್ಲಸ್ ಬಂದರೆ ರಿಲ್ಯಾಪ್ಸ್, ಮೂರು ದಿನ ನಿಲ್ ಅಥವಾ ಟ್ರೇಸ್ ಬಂದರೆ ಹಿಡಿತಕ್ಕೆ ಬಂತು. ಡೈರಿಯಲ್ಲಿ ಬರೆಯಿರಿ. ಬಾಟಲಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ರಾಜಾಜಿನಗರ_ಸುಧಾ · 10:15

ನೆಗಡಿ ಶುರುವಾದಾಗ ಒಂದು ವಾರ ಸ್ಟೀರಾಯ್ಡ್ ದಿನಾ ಕೊಟ್ಟರೆ ರಿಲ್ಯಾಪ್ಸ್ ತಪ್ಪುತ್ತದೆ ಅಂತಾರಲ್ಲ?

ಜೇಪಿನಗರ_ಅಪ್ಪ · 10:28

ನಮಗೂ ಹಾಗೇ ಮಾಡಿಸಿದ್ದರು. ಬ್ರಿಟನ್ನಿನಲ್ಲಿ ದೊಡ್ಡ ಟ್ರಯಲ್ ಮಾಡಿ ನೋಡಿದಾಗ ಆರು ದಿನ ದಿನಾ ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ. ಆದರೂ ಪದೇ ಪದೇ ಆಗುವ ಮಕ್ಕಳಿಗೆ ಇಲ್ಲಿ ಕೆಲವು ಡಾಕ್ಟರುಗಳು ಕೊಡುತ್ತಾರೆ. ನಿಮ್ಮಷ್ಟಕ್ಕೆ ನೀವೇ ಶುರು ಮಾಡಬೇಡಿ.

ವಿಜಯನಗರದ_ಅಮ್ಮ · ಜನವರಿ 5, ಬೆಳಗ್ಗೆ 7:20

28 ದಿನ ಮುಗಿಯಿತು. ಒಂದೂ ಗುಳ್ಳೆ ಇಲ್ಲ. ಯೂರಿನ್ ನಿಲ್. ಪಿಸಿವಿ ಆಯಿತು. ನಾವಿಬ್ಬರೂ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡೆವು, ನಮ್ಮವರಿಗೆ ಅರ್ಧ ದಿನ ಕೈನೋವು, ಮನೆಯೆಲ್ಲ ಕೇಳುವ ಹಾಗೆ ನರಳಿದರು. ಈಗ ಮಗನದ್ದು ಒಂದೇ ಜಪ, ಸಂಕ್ರಾಂತಿ. ಉಪ್ಪು ಕಡಿಮೆ ಅಂತ ಹಪ್ಪಳ, ಉಪ್ಪಿನಕಾಯಿ ಎಲ್ಲ ನಿಲ್ಲಿಸಿದ್ದೆ. ಎಳ್ಳು ಬೆಲ್ಲ ಕೊಡಬಹುದು ತಾನೇ?

ಗಿರಿನಗರ_ಶ್ಯಾಮಲ · 7:41

ಕೊಡಿ ಕೊಡಿ. ಕಡಲೆಬೀಜ ಮಾತ್ರ ಅಂಗಡಿಯ ಉಪ್ಪು ಹಾಕಿ ಹುರಿದದ್ದು ಬೇಡ, ಮನೆಯಲ್ಲೇ ಹುರಿದುಕೊಳ್ಳಿ.

ಕೆಂಗೇರಿ_ಮಹೇಶ · 7:45

ಮತ್ತೆ ಡಬ್ಬಿ ಎತ್ತರದಲ್ಲಿಡಿ. ರಾತ್ರಿ ಎರಡು ಗಂಟೆಯ ಹಸಿವು ಇನ್ನೂ ಹೋಗಿರುವುದಿಲ್ಲ.